ದತ್ತಸಂಚಯಕಾರನಿಗೆ ಬೇಕಾದ ಕೌಶಲಗಳು: ಜಾನಪದ ದಾಖಲೀಕರಣದ ಹಿನ್ನೆಲೆಯಲ್ಲಿ

ಜಾನಪದ ಸಂಗ್ರಹಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ಕರ್ನಾಟಕದಲ್ಲಿ ಈಗ ಹೊಸದೇನಲ್ಲ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು, ಸಂಘಸಂಸ್ಥೆಗಳು, ಹವ್ಯಾಸಿ ಸಂಗ್ರಾಹಕರು ದಶಕಗಳಿಂದ ಕೂಡಿಟ್ಟ ಧ್ವನಿಸುರುಳಿಗಳೂ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳೂ ಒಂದೊಂದಾಗಿ ಗಣಕದ ಕಡತಗಳಾಗುತ್ತಿವೆ. ಆದರೆ ಕಡತಗಳ ರಾಶಿಯೇ ದತ್ತಸಂಚಯವಾಗುವುದಿಲ್ಲ. ಮಂಟೇಸ್ವಾಮಿ ಕಾವ್ಯವನ್ನು ಹಾಡಿದ ನೀಲಗಾರರು ಎಷ್ಟು ಜನ, ಅವರಲ್ಲಿ ಯಾರ ಪಾಠದಲ್ಲಿ ಯಾವ ಸಾಲು ಇದೆ, ಯಾರದರಲ್ಲಿ ಇಲ್ಲ, ಅದನ್ನು ಯಾವ ಊರಿನಲ್ಲಿ ಯಾರು ಧ್ವನಿಮುದ್ರಿಸಿದರು ಎಂಬಂತಹ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ವ್ಯವಸ್ಥೆಯನ್ನು ಮಾತ್ರ ದತ್ತಸಂಚಯವೆನ್ನಬಹುದು. ಅದನ್ನು ರೂಪಿಸುವವರನ್ನು ಉದ್ಯಮದಲ್ಲಿ ಡೇಟಾಬೇಸ್ ಡೆವಲಪರ್ ಎಂದು ಕರೆಯುತ್ತಾರೆ. ನಿರ್ಮಾಪಕ ಎಂದೊಡನೆ ಕನ್ನಡದಲ್ಲಿ ಚಲನಚಿತ್ರ ನೆನಪಾಗುವುದರಿಂದ, ನಿಘಂಟುಕಾರ ಎಂಬ ಮಾದರಿಯಲ್ಲಿ ಇವರನ್ನು ದತ್ತಸಂಚಯಕಾರ ಎನ್ನುವುದು ಅನುಕೂಲ. ಸಿದ್ಧವಾದ ವ್ಯವಸ್ಥೆಯನ್ನು ನೋಡಿಕೊಳ್ಳುವ ಆಡಳಿತಗಾರನ ಕೆಲಸ ಬೇರೆ. ಮಾಹಿತಿಗೆ ಆಕಾರ ಕೊಡುವವನು, ಅಂದರೆ ಯಾವುದಕ್ಕೆ ಜಾಗವಿರಬೇಕು, ಯಾವುದಕ್ಕೆ ಬೇಡ ಎಂದು ನಿರ್ಧರಿಸುವವನು ದತ್ತಸಂಚಯಕಾರ. ಧ್ವನಿಸುರುಳಿಗಳು ಹಾಳಾಗುತ್ತಿರುವ, ಹಾಡಿದವರು ಕಣ್ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಅವನು ಜಾಗ ಬಿಡದ ಸಂಗತಿಯನ್ನು ಮುಂದೆ ಬೇರೆಲ್ಲಿಂದಲೂ ತರಲಾಗುವುದಿಲ್ಲ.

ಈ ವೃತ್ತಿಯ ತಾತ್ವಿಕ ತಳಹದಿಯನ್ನು ಹಾಕಿದವರು ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದ ಇ.ಎಫ್. ಕಾಡ್. ಅವರ 1970ರ ಪ್ರಬಂಧಕ್ಕೆ ಮೊದಲು, ಗಣಕದಲ್ಲಿರುವ ಮಾಹಿತಿಯನ್ನು ಪಡೆಯಲು ಅದು ಯಾವ ಕೊಂಬೆಯ ಯಾವ ಟೊಂಗೆಯಲ್ಲಿದೆ ಎಂಬ ದಾರಿ ತಿಳಿದಿರಬೇಕಾಗಿತ್ತು. ಮಾಹಿತಿಯನ್ನು ಸರಳವಾದ ಕೋಷ್ಟಕಗಳಲ್ಲಿಟ್ಟು, ಅವುಗಳ ನಡುವಿನ ಸಂಬಂಧವನ್ನು ಮೌಲ್ಯಗಳ ಮೂಲಕವೇ ಸೂಚಿಸಿದರೆ, ದಾರಿ ತಿಳಿಯದವನೂ ಏನು ಬೇಕೆಂದು ಹೇಳಿ ಪಡೆಯಬಹುದು ಎಂಬುದು ಕಾಡ್ ಅವರ ಪ್ರತಿಪಾದನೆ. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಪ್ರಶ್ನಭಾಷೆ ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾಯಿತು. 1976ರಲ್ಲಿ ಪೀಟರ್ ಚೆನ್ ಅವರು ವಸ್ತುಗಳನ್ನೂ ಅವುಗಳ ಸಂಬಂಧಗಳನ್ನೂ ಚಿತ್ರದಲ್ಲಿ ಬರೆದು ತೋರಿಸುವ ವಿಧಾನವನ್ನು ಮಂಡಿಸಿದರು. ಅರ್ಧ ಶತಮಾನ ಕಳೆದರೂ ಈ ಮೂರರ ಮೇಲೆಯೇ ವೃತ್ತಿಯ ಬಹುಪಾಲು ನಿಂತಿದೆ. ಉದ್ಯೋಗದ ಪ್ರಕಟಣೆಗಳಲ್ಲಿ ತಂತ್ರಾಂಶಗಳ ಹೆಸರುಗಳು ಸಾಲುಗಟ್ಟಿರುತ್ತವೆ: ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಇತ್ಯಾದಿ. ಇವುಗಳಲ್ಲಿ ಒಂದನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದನ್ನು ಕಲಿಯುವುದು ಹೆಚ್ಚು ದಿನಗಳ ಕೆಲಸವಲ್ಲ. ಕಲಿಯಲು ಕಾಲ ಹಿಡಿಯುವ ಸಂಗತಿಗಳು ಬೇರೆ ಇವೆ.

ಅವುಗಳಲ್ಲಿ ಮೊದಲನೆಯದು, ಯಾವುದು ಒಂದು, ಯಾವುದು ಹಲವು ಎಂದು ಬೇರ್ಪಡಿಸಿ ನೋಡುವ ಶಕ್ತಿ. ಜನಪದ ಗೀತೆಗಳ ಧ್ವನಿಸುರುಳಿಯ ಹೊದಿಕೆಯ ಮೇಲೆ ಸಾಮಾನ್ಯವಾಗಿ ‘ಮಾದಮ್ಮ ಮತ್ತು ಸಂಗಡಿಗರು’ ಎಂಬ ಬಗೆಯ ಬರಹವಿರುತ್ತದೆ. ದತ್ತ ನಮೂದಿಸುವವರು ಅದನ್ನು ಗಾಯಕರ ಕಾಲಂನಲ್ಲಿ ಹಾಗೆಯೇ ಬೆರಳಚ್ಚಿಸಿಬಿಡುತ್ತಾರೆ. ಅಲ್ಲಿಗೆ ಸಂಗಡಿಗರು ಶಾಶ್ವತವಾಗಿ ಹೆಸರಿಲ್ಲದವರಾಗುತ್ತಾರೆ. ಸಂಗ್ರಾಹಕನ ಟಿಪ್ಪಣಿ ಪುಸ್ತಕದಲ್ಲಿ ಆ ನಾಲ್ವರ ಹೆಸರು, ಊರುಗಳಿದ್ದರೂ ಅವನ್ನು ಇಡಲು ಕೋಷ್ಟಕದಲ್ಲಿ ಸ್ಥಳವಿರುವುದಿಲ್ಲ. ಕಾಲಂಗಳನ್ನು ಗಾಯಕ 1, ಗಾಯಕ 2, ಗಾಯಕ 3 ಎಂದು ಹೆಚ್ಚಿಸುವುದು ಸಾಮಾನ್ಯವಾಗಿ ಕಾಣುವ ಪರಿಹಾರ. ಆರನೆಯವಳು ಬಂದಾಗ ಅದೂ ಕುಸಿಯುತ್ತದೆ. ಅಲ್ಲದೆ ಒಬ್ಬ ಗಾಯಕಿಯ ಎಲ್ಲ ಹಾಡುಗಳನ್ನು ಹುಡುಕಲು ಪ್ರತಿ ಕಾಲಂ ಜಾಲಾಡಬೇಕಾಗುತ್ತದೆ. ಬಲ್ಲವನು ಇಲ್ಲಿ ಮೂರು ಕೋಷ್ಟಕಗಳನ್ನು ಮಾಡುತ್ತಾನೆ. ವ್ಯಕ್ತಿಗಳದ್ದೊಂದು, ಧ್ವನಿಮುದ್ರಣಗಳದ್ದೊಂದು, ಯಾರು ಯಾವ ಮುದ್ರಣದಲ್ಲಿ ಯಾವ ಪಾತ್ರ ವಹಿಸಿದರು ಎಂಬುದನ್ನಷ್ಟೇ ಹೇಳುವ ಮೂರನೆಯದು. ಮೂರನೆಯ ಕೋಷ್ಟಕದಲ್ಲಿ ಒಬ್ಬಳು ಒಂದೆಡೆ ಮುಮ್ಮೇಳದವಳಾಗಿಯೂ ಇನ್ನೊಂದೆಡೆ ಹಿಮ್ಮೇಳದವಳಾಗಿಯೂ ಇರಬಹುದು. ಕಾಡ್ ಅವರು ಸಾಮಾನ್ಯೀಕರಣವೆಂದು ಕರೆದ ಶಿಸ್ತಿನ ಮೊದಲ ಮೆಟ್ಟಿಲು ಇದು. ಗ್ರಂಥಪಾಲಕರಿಗೆ ಪರಿಚಿತವಾದ, ಯುನೆಸ್ಕೋ ಹಂಚಿದ ಸಿಡಿಎಸ್‌/ಐಸಿಸ್ ತಂತ್ರಾಂಶದಲ್ಲಿ ಒಂದೇ ಕಾಲಂ ಅನೇಕ ಬಾರಿ ಆವರ್ತಿಸಲು ಅವಕಾಶವಿತ್ತು. ಸಂಗಡಿಗರ ಸಮಸ್ಯೆಗೆ ಅದು ತನ್ನದೇ ರೀತಿಯ ಉತ್ತರವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸಂಬಂಧಾತ್ಮಕ ಮಾದರಿಗೆ ಬದಲಾದಾಗ ಆ ಸೌಲಭ್ಯವನ್ನು ಪ್ರತ್ಯೇಕ ಕೋಷ್ಟಕದಿಂದ ಮರಳಿ ಗಳಿಸಬೇಕಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಕೃತಿಗೆ ಸಂಬಂಧಿಸಿದ್ದು. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನೆಲಿ ಹಾಂಕೊ ಅವರೊಡಗೂಡಿ 1990ರಲ್ಲಿ ಗೋಪಾಲ ನಾಯ್ಕರಿಂದ ತುಳು ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ಪಾಠ 1998ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ದತ್ತಸಂಚಯದಲ್ಲಿ ‘ಸಿರಿ’ ಎಂಬುದಕ್ಕೆ ಎಷ್ಟು ಸಾಲುಗಳಿರಬೇಕು? ಗಾಯಕನ ಮನಸ್ಸಿನಲ್ಲಿರುವ ಪಠ್ಯ ಒಂದು. ಸಂಶೋಧಕರ ಮುಂದೆ ನಡೆದ ನಿರೂಪಣೆ ಇನ್ನೊಂದು. ಸಿರಿ ಜಾತ್ರೆಯ ಆಚರಣೆಯಲ್ಲಿ ತುಣುಕಾಗಿ ಬರುವ ಹಾಡು ಮತ್ತೊಂದು. ಧ್ವನಿಸುರುಳಿ, ಲಿಪ್ಯಂತರ, ಇಂಗ್ಲಿಷ್ ಅನುವಾದಗಳು ಬೇರೆ ಬೇರೆ. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ತುರುಕಿದರೆ ಬೇರೆ ಗಾಯಕರ ಸಿರಿಗೆ ಸ್ಥಳವೇ ಉಳಿಯುವುದಿಲ್ಲ. ಒಬ್ಬರ ಪಾಠವೇ ಸಿರಿಯೆಂದಾಗುತ್ತದೆ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲೇ ಪ್ರಕಟಿಸಿದ ವಿವರಣಾ ಮಾದರಿ ಕೃತಿ, ಅಭಿವ್ಯಕ್ತಿ, ಪ್ರಕಟರೂಪ, ಪ್ರತಿ ಎಂದು ನಾಲ್ಕು ಹಂತಗಳನ್ನು ಗುರುತಿಸಿತು. ಮುದ್ರಿತ ಗ್ರಂಥವನ್ನು ಮನಸ್ಸಿನಲ್ಲಿಟ್ಟುಕೊಂಡ ಮಾದರಿಯಾದರೂ ಮೌಖಿಕ ಪರಂಪರೆಗೆ ಅದು ಒಳ್ಳೆಯ ಆರಂಭ. ಪ್ರದರ್ಶನವೆಂಬ ಐದನೆಯ ಹಂತವೊಂದನ್ನು ಸೇರಿಸಿ, ಸ್ಥಳ, ಸಂದರ್ಭ, ಶ್ರೋತೃಗಳನ್ನು ಅದಕ್ಕೆ ಜೋಡಿಸುವುದು ಜಾನಪದ ದತ್ತಸಂಚಯಕ್ಕೆ ಅನಿವಾರ್ಯ. ಜಾನಪದ ಶಾಸ್ತ್ರ ಸಂದರ್ಭದ ಮಹತ್ವವನ್ನು ಕುರಿತು ಇಷ್ಟೆಲ್ಲ ಬರೆದ ಮೇಲೂ ಸಂದರ್ಭಕ್ಕೊಂದು ಕಾಲಂ ಇಲ್ಲದ ಪಟ್ಟಿಗಳನ್ನು ಕಂಡಾಗ ಅಚ್ಚರಿಯಾಗುತ್ತದೆ.

ವರ್ಗೀಕರಣದ ವಿಷಯದಲ್ಲಿ ಜಾನಪದ ತಜ್ಞರು ದತ್ತಸಂಚಯಕಾರರಿಗಿಂತ ಹಿರಿಯರು. ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗಗಳ ಸೂಚಿಯನ್ನು ಸ್ಟಿತ್ ಥಾಂಪ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದರು. 2004ರಲ್ಲಿ ಹಾನ್ಸ್‌ಯೋರ್ಗ್ ಊಥರ್ ಪರಿಷ್ಕರಿಸಿದರು. ಒಂದು ಕಥೆಗೆ ಎರಡು ವರ್ಗಸಂಖ್ಯೆಗಳು ಒಪ್ಪುವುದುಂಟು, 1961ರ ಸಂಖ್ಯೆ 2004ರಲ್ಲಿ ಬೇರೆಯದರೊಳಗೆ ಸೇರಿಹೋಗಿರುವುದೂ ಉಂಟು. ಆದ್ದರಿಂದ ಸಂಖ್ಯೆಯೊಡನೆ ಅದು ಯಾವ ಸೂಚಿಯ ಯಾವ ಆವೃತ್ತಿಯದೆಂಬುದನ್ನೂ ದಾಖಲಿಸಬೇಕು. ಆಶಯ ಸಂಖ್ಯೆಗಳು ಇನ್ನೊಂದು ಪಾಠ ಕಲಿಸುತ್ತವೆ. ಮನುಷ್ಯ ಮರವಾಗುವ ಆಶಯಕ್ಕೆ ಥಾಂಪ್ಸನ್ ಕೊಟ್ಟ ಸಂಖ್ಯೆ ಡಿ 215. ಮಾಂತ್ರಿಕನದು ಡಿ 1711. ಇವನ್ನು ಕೇವಲ ಅಕ್ಷರಮಾಲೆಯೆಂದು ಇಟ್ಟರೆ ಗಣಕವು 1711ನ್ನು 215ಕ್ಕಿಂತ ಮೊದಲು ಜೋಡಿಸುತ್ತದೆ, ಏಕೆಂದರೆ 1 ಎಂಬ ಅಂಕಿ 2ಕ್ಕಿಂತ ಮೊದಲು ಬರುತ್ತದೆ. ಅಕ್ಷರವನ್ನೂ ಅಂಕಿಯನ್ನೂ ಎರಡು ಕಾಲಂಗಳಾಗಿ ಒಡೆದಿಡಬೇಕೆಂಬ ಸಣ್ಣ ವಿವೇಕ ಬೇಕಾಗುವುದು ಇಂತಹ ಕಡೆ.

ದೇಶಕಾಲಗಳ ದಾಖಲೆ ಎಲ್ಲಕ್ಕಿಂತ ಸರಳವೆಂದು ತೋರುತ್ತದೆ. ವಾಸ್ತವದಲ್ಲಿ ಅತಿ ಹೆಚ್ಚು ತಪ್ಪುಗಳು ನುಸುಳುವುದು ಅಲ್ಲಿಯೇ. ಮಲೆ ಮಹದೇಶ್ವರ ಬೆಟ್ಟದ ಸೀಮೆಯನ್ನೇ ತೆಗೆದುಕೊಳ್ಳಬಹುದು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರ ವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಳಿಕ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೆ ಹೋಯಿತು. ಅನಂತರ ಅದರಿಂದ ಹನೂರು ಪ್ರತ್ಯೇಕ ತಾಲ್ಲೂಕಾಗಿ, ಬೆಟ್ಟ ಇಂದು ಆ ತಾಲ್ಲೂಕಿನಲ್ಲಿದೆ. 1975ರಲ್ಲಿ ಮುದ್ರಿಸಿದ ಕಂಸಾಳೆಯವರ ಮಾದೇಶ್ವರನ ಕಥೆಯ ಸುರುಳಿಯ ಮೇಲೆ ‘ಮೈಸೂರು ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ, ಇಂದಿನ ನಕ್ಷೆಗೆ ಹೊಂದುವುದೂ ಇಲ್ಲ. ಹೊಂದಿಸುವ ಆತುರದಲ್ಲಿ ಹಳೆಯ ಬರಹವನ್ನು ಅಳಿಸಿ ಹೊಸದನ್ನು ಬರೆದವನು ಸಂಗ್ರಾಹಕನ ಸಾಕ್ಷ್ಯವನ್ನೇ ತಿದ್ದಿದಂತಾಯಿತು. ಊರಿಗೊಂದು ಸ್ಥಿರವಾದ ಗುರುತುಸಂಖ್ಯೆ ಕೊಟ್ಟು, ಅದು ಯಾವ ದಿನಾಂಕದಿಂದ ಯಾವ ದಿನಾಂಕದ ವರೆಗೆ ಯಾವ ತಾಲ್ಲೂಕಿಗೆ ಸೇರಿತ್ತೆಂಬುದನ್ನು ಬೇರೆ ಕೋಷ್ಟಕದಲ್ಲಿಟ್ಟು, ಸುರುಳಿಯ ಮೇಲಿನ ಬರಹವನ್ನು ಇದ್ದಂತೆಯೇ ಉಳಿಸುವುದು ಸರಿಯಾದ ಕ್ರಮ.

ವಯಸ್ಸಿನ ವಿಷಯವೂ ಹೀಗೆಯೇ. ವಕ್ತೃವನ್ನು ಹುಟ್ಟಿದ ದಿನ ಕೇಳಿದರೆ ‘ಪಿಲೇಗು ಬಂದ ವರ್ಸ’ ಎಂಬ ಉತ್ತರ ಬರಬಹುದು. ನಮೂನೆ ದಿನಾಂಕವನ್ನೇ ಬೇಡಿದರೆ ನಮೂದಿಸುವವರು ಜನವರಿ 1 ಎಂದು ಒತ್ತಿ ಮುಂದೆ ಸಾಗುತ್ತಾರೆ. ಶಾಲಾ ದಾಖಲೆಗಳಲ್ಲಿ ಊರಿಗೆ ಊರೇ ಜೂನ್ 1ರಂದು ಹುಟ್ಟಿರುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಳಿಯದ ಮೌಲ್ಯಕ್ಕೆ ದತ್ತಸಂಚಯದಲ್ಲಿ ‘ನಲ್’ ಎಂಬ ಗುರುತಿದೆ. ಆದರೆ ಗೊತ್ತಿಲ್ಲ, ಕೇಳಲಿಲ್ಲ, ಹೇಳಲು ಒಪ್ಪಲಿಲ್ಲ, ಅನ್ವಯಿಸುವುದಿಲ್ಲ ಎಂಬ ನಾಲ್ಕೂ ಆ ಒಂದೇ ಗುರುತಿನಲ್ಲಿ ಅಡಗಿಬಿಡುತ್ತವೆ. ಹೇಳಲು ಒಪ್ಪದ ವಿಧವೆಯ ಮೌನವೂ ಕೇಳಲು ಮರೆತ ಸಂಶೋಧಕನ ಅಲಕ್ಷ್ಯವೂ ಒಂದೇ ಆಗಬಾರದಾದ್ದರಿಂದ ಕಾರಣಕ್ಕೂ ಪ್ರತ್ಯೇಕ ಕಾಲಂ ಬೇಕು. ನಲ್ ಇರುವ ಕಡೆ ಗಣಕದ ತರ್ಕ ಹೌದು, ಅಲ್ಲ ಎಂಬ ಎರಡಕ್ಕೆ ನಿಲ್ಲದೆ ‘ತಿಳಿಯದು’ ಎಂಬ ಮೂರನೆಯದಕ್ಕೆ ಹೋಗುತ್ತದೆ. ಅರುವತ್ತು ದಾಟಿದವರನ್ನು ಕೇಳಿದರೂ ದಾಟದವರನ್ನು ಕೇಳಿದರೂ ವಯಸ್ಸು ತಿಳಿಯದವಳು ಎರಡು ಪಟ್ಟಿಯಲ್ಲೂ ಬರುವುದಿಲ್ಲ.

ಪ್ರಶ್ನಭಾಷೆಯ ಪಾಂಡಿತ್ಯವನ್ನು ಅಳೆಯಬೇಕಾದದ್ದು ಇಂತಹ ಸ್ಥಳಗಳಲ್ಲಿ. ಸೆಲೆಕ್ಟ್, ಫ್ರಂ, ವೇರ್, ಗ್ರೂಪ್ ಬೈ ಎಂಬ ಪದಗಳನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಕೋಷ್ಟಕಗಳನ್ನು ಬೆಸೆಯುವ ಜಾಯಿನ್ ಎಂಬ ಕ್ರಿಯೆಯ ಪರಿಣಾಮವನ್ನು ಊಹಿಸಲು ಹೆಚ್ಚಿನ ಅನುಭವ ಬೇಕು. ಧ್ವನಿಮುದ್ರಣಗಳನ್ನು ಗಾಯಕರೊಡನೆ ಇನ್ನರ್ ಜಾಯಿನ್‌ನಿಂದ ಬೆಸೆದರೆ, ಗಾಯಕರ ಹೆಸರು ದೊರೆಯದ ಮುದ್ರಣಗಳೆಲ್ಲ ಯಾವ ಎಚ್ಚರಿಕೆಯ ಸೂಚನೆಯೂ ಇಲ್ಲದೆ ಉತ್ತರದಿಂದ ಬಿದ್ದುಹೋಗುತ್ತವೆ. ಲೆಫ್ಟ್ ಜಾಯಿನ್ ಬಳಸಿದರೆ ಅವು ಉಳಿಯುತ್ತವೆ. ಬೀಸುವ ಪದಗಳಂತಹ, ಹಾಡಿದವಳ ಹೆಸರನ್ನು ಹಳೆಯ ಸಂಗ್ರಾಹಕರು ಎಷ್ಟೋ ಬಾರಿ ಬರೆದುಕೊಳ್ಳದ ಪ್ರಕಾರಗಳಿಗೆ ಈ ವ್ಯತ್ಯಾಸ ಅಳಿವು ಉಳಿವಿನದು. ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಐವರು ಸೇರಿ ಹಾಡಿದ ಒಂದು ಸೋಬಾನೆ ಪದ ಬೆಸುಗೆಯ ನಂತರ ಐದು ಸಾಲಾಗುತ್ತದೆ; ಹಾಗೆಯೇ ಎಣಿಸಿದರೆ ಜಿಲ್ಲೆಯ ಸೋಬಾನೆ ಪದಗಳ ಸಂಖ್ಯೆ ಹಲವು ಪಟ್ಟು ಬೆಳೆಯುತ್ತದೆ. ಇಂತಹ ಎಣಿಕೆಗಳ ಮೇಲೆ ಯಾವ ಪ್ರಕಾರ ಸಮೃದ್ಧವಾಗಿದೆ, ಯಾವುದು ನಶಿಸುತ್ತಿದೆ ಎಂಬ ತೀರ್ಮಾನಗಳು ನಿಲ್ಲುತ್ತವೆ. ಉತ್ತರ ಬಂದಿತೆಂಬ ಕಾರಣಕ್ಕೆ ಅದು ಸರಿಯೆಂದು ನಂಬದೆ, ಕೈಯಲ್ಲಿ ಎಣಿಸಬಹುದಾದ ಹತ್ತು ಸುರುಳಿಗಳ ಮೇಲೆ ಮೊದಲು ಪರೀಕ್ಷಿಸುವ ಅಭ್ಯಾಸ ಒಳ್ಳೆಯ ದತ್ತಸಂಚಯಕಾರರಲ್ಲಿ ಕಂಡುಬರುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವನಿಗೆ ಲಿಪಿಸಂಕೇತದ ತಿಳಿವಳಿಕೆ ಹೆಚ್ಚುವರಿ ಅರ್ಹತೆಯಲ್ಲ, ಮೂಲ ಅರ್ಹತೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಸಂಕೇತಗಳ ಜಾಗದಲ್ಲಿ ಕೂತಿರುತ್ತಿದ್ದವು. ಆ ಕಾಲದಲ್ಲಿ ಬೆರಳಚ್ಚಾದ ಪಠ್ಯಗಳನ್ನು ಯೂನಿಕೋಡಿಗೆ ತರುವಾಗ ತುಣುಕಿಗೆ ತುಣುಕು ಬದಲಿಸಿದರೆ ಸಾಲದು. ‘ಕರ್ಣ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಹಳೆಯ ಕಡತದಲ್ಲೂ ಕೊನೆಯಲ್ಲೇ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಣಕಾರಕ್ಕಿಂತ ಮೊದಲು ಬರಬೇಕು. ಯೂನಿಕೋಡಿನ ಒಳಗೂ ಬಲೆಗಳಿವೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎರಡನ್ನೂ ಒಂದು ರೂಪಕ್ಕೆ ತರದಿದ್ದರೆ ‘ಕೊರವಂಜಿ’ಯನ್ನು ಹುಡುಕಿದವನಿಗೆ ಅರ್ಧ ಕೊರವಂಜಿಯರಷ್ಟೇ ಸಿಗುತ್ತಾರೆ. ಅಳತೆಯ ಲೆಕ್ಕವೂ ಬೇರೆ. ‘ಸಿದ್ಧಪ್ಪಾಜಿ’ ಓದುಗನಿಗೆ ನಾಲ್ಕು ಅಕ್ಷರ, ಯೂನಿಕೋಡಿಗೆ ಹನ್ನೊಂದು ಸಂಕೇತ, ಯುಟಿಎಫ್-8 ಪದ್ಧತಿಯಲ್ಲಿ 33 ಬೈಟು. ಇಂಗ್ಲಿಷ್ ಹೆಸರುಗಳನ್ನು ನೆನೆದು 20 ಬೈಟಿನ ಕಾಲಂ ಮಾಡಿದ ಕಡೆ ಸಿದ್ಧಪ್ಪಾಜಿಗೆ ಪ್ರವೇಶವಿಲ್ಲ.

ಅಕಾರಾದಿಯೂ ತಾನಾಗಿ ಒದಗುವುದಿಲ್ಲ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ; ಯೂನಿಕೋಡಿನ ಸಂಕೇತಸಂಖ್ಯೆಯಲ್ಲಿ ಅದು ಲಕಾರದ ಬಳಿಯೇ, ವಕಾರಕ್ಕಿಂತ ಮೊದಲೇ ಇದೆ. ಸಂಕೇತಸಂಖ್ಯೆಯ ಪ್ರಕಾರ ವಿಂಗಡಿಸಿದ ಸೂಚಿಯಲ್ಲಿ ‘ಬಳೆ’ಯು ‘ಬವಣೆ’, ‘ಬಹಳ’ಗಳಿಗಿಂತ ಮುಂಚೆ ಬಂದು ಕೂರುತ್ತದೆ. ಕನ್ನಡಕ್ಕೆ ತಕ್ಕ ವಿಂಗಡಣ ನಿಯಮವನ್ನು ಆರಿಸಿ, ಪರೀಕ್ಷಿಸಿ ಅಳವಡಿಸಬೇಕು. ಇನ್ನು ಆಡುಮಾತಿನ ಪ್ರಶ್ನೆ. ಹಳೆಯ ಮೈಸೂರು ಸೀಮೆಯ ಹಾಡಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹೂವು’ ‘ಊವು’ ಆಗುತ್ತದೆ. ಹಾಡಿದ್ದನ್ನು ಗ್ರಂಥಸ್ಥ ರೂಪಕ್ಕೆ ತಿದ್ದಿದರೆ ಪಠ್ಯ ಕೆಡುತ್ತದೆ. ತಿದ್ದದಿದ್ದರೆ ಹಾಲನ್ನು ಹುಡುಕಿದವನಿಗೆ ಆಲು ಸಿಗುವುದಿಲ್ಲ. ಹಾಡಿದಂತೆ ಒಂದು ಕಾಲಂ, ಹುಡುಕಾಟಕ್ಕಾಗಿ ಇನ್ನೊಂದು ಎಂದು ಎರಡನ್ನೂ ಇಡುವುದೊಂದೇ ದಾರಿ. ಭಾಷೆಗೊಂದು, ಲಿಪಿಗೊಂದು ಕಾಲಂ ಸಹ ಬೇರೆ ಬೇರೆಯಾಗಿರಬೇಕು. ಕನ್ನಡ ಲಿಪಿಯಲ್ಲಿರುವ ತುಳು ಪಾಡ್ದನ ಕನ್ನಡವಲ್ಲ. 2024ರ ಯೂನಿಕೋಡ್ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ದೊರೆತಿರುವುದರಿಂದ ಒಂದೇ ತುಳು ಪಠ್ಯ ಎರಡು ಲಿಪಿಗಳಲ್ಲಿ ಬರುವ ಸಾಧ್ಯತೆ ಈಗ ನಿಜವಾಗಿದೆ.

ವೇಗ, ಸುರಕ್ಷತೆ ಮೊದಲಾದವು ಎಲ್ಲ ಪಠ್ಯಪುಸ್ತಕಗಳಲ್ಲಿ ಇರುವಂತಹವು. ಹೆಚ್ಚು ಹುಡುಕುವ ಕಾಲಂಗಳಿಗೆ ಒಳಸೂಚಿ ಕಟ್ಟಬೇಕು, ಎಲ್ಲದಕ್ಕೂ ಕಟ್ಟಬಾರದು. ಒಂದು ಸುರುಳಿಯ ವಿವರ ನಾಲ್ಕು ಕೋಷ್ಟಕಗಳಿಗೆ ಹಂಚಿ ಸೇರುವಾಗ ನಡುವೆ ವಿದ್ಯುತ್ ಹೋದರೆ ಪೂರ್ತಿ ಸೇರಬೇಕು ಅಥವಾ ಏನೂ ಸೇರಬಾರದು. ಇದನ್ನು ವ್ಯವಹಾರವೆಂಬ ಸೌಲಭ್ಯದಿಂದ ಸಾಧಿಸುತ್ತಾರೆ. ಪ್ರತಿ ತೆಗೆದಿಟ್ಟರೆ ಸಾಲದು, ಆ ಪ್ರತಿಯಿಂದ ಮರಳಿ ಕಟ್ಟಿ ನೋಡಬೇಕು. ಫಾಕ್ಸ್‌ಪ್ರೊದಲ್ಲಿ ಕಟ್ಟಿದ ಪಟ್ಟಿಗಳು ಕೆಲವೆಡೆ ಇನ್ನೂ ಇವೆ. ಮೈಕ್ರೋಸಾಫ್ಟ್ ಸಂಸ್ಥೆ ಅದಕ್ಕೆ ನೀಡುತ್ತಿದ್ದ ಬೆಂಬಲ 2015ರಲ್ಲಿ ಮುಗಿಯಿತು. ತಂತ್ರಾಂಶದ ಆಯುಸ್ಸಿಗಿಂತ ಸಂಗ್ರಹದ ಆಯುಸ್ಸು ದೀರ್ಘವಾದ್ದರಿಂದ ಯಾವ ತಂತ್ರಾಂಶವೂ ಓದಬಲ್ಲ ಸರಳ ಪಠ್ಯರೂಪದಲ್ಲಿ ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ಹೊರತೆಗೆದಿಡುವುದು ಕ್ಷೇಮ.

ಯಾರು ಏನನ್ನು ನೋಡಬಹುದೆಂಬ ನಿಯಮವನ್ನು ಮಾತ್ರ ಪಠ್ಯಪುಸ್ತಕಕ್ಕೆ ಬಿಡಲಾಗದು. ಆಚರಣೆಯ ಹೊರಗೆ ಹಾಡಬಾರದ ಹಾಡುಗಳುಂಟು, ಹೆಂಗಸರು ಹೆಂಗಸರ ನಡುವೆ ಮಾತ್ರ ಹೇಳುವ ಮಾತುಗಳುಂಟು, ಕೆಲವು ಸಮುದಾಯಗಳನ್ನು ನೋಯಿಸುವ ಗಾದೆಗಳೂ ಉಂಟು. ಸಂಶೋಧಕನ ಮೇಲಿನ ನಂಬಿಕೆಯಿಂದ ಹಾಡಿದವಳು ತನ್ನ ದನಿ ಮನೆಮನೆಯ ದೂರವಾಣಿಯಲ್ಲಿ ಕೇಳುವುದೆಂದು 1980ರಲ್ಲಿ ಊಹಿಸಿರಲಾರಳು. ಅನುಮತಿಯನ್ನು ಹೌದು ಅಥವಾ ಇಲ್ಲ ಎಂಬ ಒಂದು ಗುರುತಾಗಿ ಇಡದೆ, ಯಾರು, ಯಾವಾಗ, ಯಾವ ಬಳಕೆಗೆ ಕೊಟ್ಟರು, ಹಿಂತೆಗೆದುಕೊಂಡರೇ ಎಂಬ ವಿವರಗಳೊಡನೆ ಕೋಷ್ಟಕವಾಗಿ ಇಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಒಪ್ಪಿಗೆಗೂ ಅದರ ಹಿಂತೆಗೆತಕ್ಕೂ ಕಾನೂನಿನ ನೆಲೆ ಕೊಟ್ಟಿದೆ. ಕಾಯಿದೆ ಇಲ್ಲದಿದ್ದರೂ ಜಾನಪದ ತಜ್ಞರಿಗೆ ಈ ಹೊಣೆ ತಪ್ಪುತ್ತಿರಲಿಲ್ಲ.

ಪ್ರಶ್ನಭಾಷೆಯ ಸೂತ್ರಗಳನ್ನು ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬರೆದುಕೊಡುತ್ತವೆ. ಕೋಷ್ಟಕದ ನಕ್ಷೆಯನ್ನೂ ಸೂಚಿಸುತ್ತವೆ. ಇದರಿಂದ ಶ್ರಮ ಉಳಿಯುವುದು ನಿಜ. ಆದರೆ ಸಂಗಡಿಗರ ಹೆಸರು ಯಾವ ಟಿಪ್ಪಣಿ ಪುಸ್ತಕದಲ್ಲಿದೆ, ‘ಆಲು’ ಎಂಬುದು ಬೆರಳಚ್ಚಿನ ದೋಷವೋ ಆಡುನುಡಿಯೋ ಎಂಬುದು ಕ್ಷೇತ್ರವನ್ನು ಬಲ್ಲವರನ್ನು ಕೇಳದೆ ತಿಳಿಯದು. ಹೀಗಾಗಿ ಕೇಳುವ ಕೌಶಲದ ಬೆಲೆ ಏರಿದೆ. ಬೆಂಗಳೂರಿನಲ್ಲಿ ದತ್ತಸಂಚಯ ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ. ಜಾನಪದ ಸಂಸ್ಥೆಗಳು ಕೆಲಸವನ್ನು ಗುತ್ತಿಗೆಗೆ ಕೊಡುವಾಗ ತಂತ್ರಾಂಶಗಳ ಹೆಸರುಗಳ ಪಟ್ಟಿ ಹಿಡಿದು ಆಯ್ಕೆ ಮಾಡುವ ರೂಢಿ ಬಿಡಬೇಕು. ಅಭ್ಯರ್ಥಿಗೆ ಐದು ಹಳೆಯ ಧ್ವನಿಸುರುಳಿಗಳ ಹೊದಿಕೆಗಳನ್ನೂ ಅವುಗಳಿಗೆ ಸಂಬಂಧಿಸಿದ ಟಿಪ್ಪಣಿ ಪುಸ್ತಕವನ್ನೂ ಕೊಟ್ಟು, ಒಂದು ದಿನ ಬಿಟ್ಟು, ಕೋಷ್ಟಕಗಳ ನಕ್ಷೆಯನ್ನು ಕಾಗದದ ಮೇಲೆ ಬರೆಯಲು ಹೇಳುವುದು ಮೇಲು. ನಕ್ಷೆಯ ಜೊತೆಗೆ ಸಂಗ್ರಾಹಕರನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನೂ ತಂದವರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು.